ಕಿವಿ ಕತ್ತರಿಸಿದ ನಾಯಿಗೆ ಮನೆ ಸಿಗುತ್ತಾ?

"ಗಂಡಾ, ಹೆಣ್ಣಾ?"

ಬಳ್ಳಾರಿಯ ವಾಟ್ಸಾಪ್ ಗುಂಪುಗಳಲ್ಲಿ ನಾಯಿಮರಿಯ ಫೋಟೊ ಹಾಕಿ "ಮನೆ ಬೇಕಾಗಿದೆ" ಅಂತ ಬರೆದರೆ ಬರುವ ಮೊದಲ ಪ್ರಶ್ನೆ ಇದು. ಎರಡನೆಯದು, "ಯಾವ ಜಾತಿ?" ಹೆಣ್ಣು ಅಂದರೆ ಅರ್ಧ ಜನ ಅಲ್ಲಿಗೇ ಸುಮ್ಮನಾಗುತ್ತಾರೆ. ಜವಾರಿ ಅಂದರೆ ಉಳಿದವರೂ ಸುಮ್ಮನಾಗುತ್ತಾರೆ. ಮೂರನೆಯ ಪ್ರಶ್ನೆಯವರೆಗೆ ಮಾತು ಹೋಗುವುದು ಅಪರೂಪ.

2025ರ ಆಗಸ್ಟ್‌ನಿಂದ ಈಚೆಗೆ ನಾಯಿಯ ಮಾತು ಎಲ್ಲೆಲ್ಲೂ ಜಾಸ್ತಿಯಾಗಿದೆ. ಸುಪ್ರೀಂ ಕೋರ್ಟು ಒಂದು ಆದೇಶ ಕೊಟ್ಟಿತು, ಹನ್ನೊಂದೇ ದಿನಕ್ಕೆ ಅದನ್ನು ಬದಲಿಸಿತು, ನವೆಂಬರ್‌ನಲ್ಲಿ ಇನ್ನೊಂದು ಕೊಟ್ಟಿತು. ಚಹಾ ಅಂಗಡಿಯಲ್ಲಿ ಒಬ್ಬರು "ಎಲ್ಲಾ ನಾಯಿ ಹಿಡಕೊಂಡು ಒಯ್ತಾರಂತ್ರಿ" ಅಂದರೆ, ಪಕ್ಕದವರು "ಇಲ್ರೀ, ಒಯ್ದು ವಾಪಸ್ ಬಿಡ್ತಾರಂತ" ಅನ್ನುತ್ತಾರೆ. ಇಬ್ಬರು ಹೇಳುವುದೂ ನಿಜ, ತಾರೀಖು ಬೇರೆ ಬೇರೆ ಅಷ್ಟೆ. ಈ ಗೋಜಲಿನಲ್ಲಿ ಸಾಕಿ ಬಿಟ್ಟ ನಾಯಿಗೆ, ಗಾಯವಾಗಿ ಬದುಕುಳಿದ ಬೀದಿನಾಯಿಗೆ ಮನೆ ಹುಡುಕುವ ಕೆಲಸ ಎಲ್ಲಿ ಬರುತ್ತದೆ? ಅದು ತಿಳಿಯಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಕನ್ನಡ ನಾಡಿನಲ್ಲಿ ನಾಯಿಯನ್ನು ಕೇಳಿ ಪಡೆದ ಕಥೆ ಸಾವಿರ ವರ್ಷಕ್ಕಿಂತ ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949-50ರದ್ದು. ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೇರನಿಗೆ ಒಡೆಯ ಮೆಚ್ಚಿ, ಏನು ಬೇಕೋ ಕೇಳು ಅಂದ. ಆತ ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಕಾಳಿ ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದಕ್ಕೊಂದು ಕಲ್ಲು ನಿಲ್ಲಿಸಿ, ಪೂಜೆಗೆ ಹೊಲ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ನಾಯಿಯ ಪಾಪ ತಟ್ಟಲಿ ಅಂತಲೂ ಬರೆಸಿದರು. ಗೊರವ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಹೂವಿನಹಡಗಲಿ ತಾಲ್ಲೂಕಿನ ಮೈಲಾರ. ಮೈಲಾರಲಿಂಗನ ಜೊತೆಗಾರ ನಾಯಿ. ಕರಿ ಕಂಬಳಿ ಹೊದ್ದ ಗೊರವಯ್ಯಗಳು ದೋಣಿ ಅನ್ನುವ ಪಾತ್ರೆಯಲ್ಲಿ ಹಾಕಿದ್ದನ್ನು ನಾಯಿಯಂತೆ ಬೊಗಳುತ್ತಾ ಉಣ್ಣುವ ದೋಣಿಸೇವೆ ಈಗಲೂ ನಡೆಯುತ್ತದೆ. ಅಂದರೆ ನಾಯಿ ನಮಗೆ ಹೊರಗಿನದ್ದಲ್ಲ. ಆದರೆ ಮನೆಯೊಳಗಿನದ್ದೂ ಅಲ್ಲ. ಅದರ ಜಾಗ ಕಟ್ಟೆ.

ಈ ಕಟ್ಟೆಯ ವಿಷಯ ಮುಖ್ಯ. ಹಳೇ ಮಾಳಿಗೆ ಮನೆಗಳ ಮುಂದೆ ಬೀದಿಗೆ ಮುಖ ಮಾಡಿದ ಕಟ್ಟೆ ಇರುತ್ತಿತ್ತು. ಕೇರಿಯ ನಾಯಿ ಹಗಲು ಅಲ್ಲಿ ಮಲಗಿ, ರಾತ್ರಿ ನಾಲ್ಕು ಮನೆ ಕಾಯುತ್ತಿತ್ತು. ಯಾರದ್ದು ಅಂದರೆ ಎಲ್ಲರೂ ನಮ್ಮದೇ ಅನ್ನುತ್ತಿದ್ದರು. ಮರಿ ಬೇಕಾದರೆ ಕುರಿಗಾರರ ಹತ್ತಿರ ಹೋಗುತ್ತಿದ್ದರು. ನಮ್ಮ ಅಜ್ಜ ಸಿರುಗುಪ್ಪದ ಕಡೆಯ ಹಟ್ಟಿಯಿಂದ ಮರಿ ತಂದಾಗ ಒಂದು ಸೇರು ಜೋಳ ಕೊಟ್ಟು ಬಂದರಂತೆ. ಆ ಕುರಿಗಾರ ಮುಂದಿನ ವರ್ಷ ಕುರಿ ಹೊಡ್ಕೊಂಡು ಬಂದಾಗ ಮೊದಲು ಕೇಳಿದ್ದು, "ಎಲ್ಲೈತ್ರೀ ನಮ್ಮ ನಾಯಿ?" ಕೊಟ್ಟವನಿಗೆ ತಗೊಂಡವನ ಮನೆ ಗೊತ್ತಿತ್ತು.

ಊರು ಬೆಳೆದಂತೆ ನಗರಸಭೆಗಳು ನಾಯಿಗೆ ಕಂಡುಕೊಂಡ ದಾರಿ ಒಂದೇ: ಹಿಡಿ, ಕೊಲ್ಲು. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ಆ ಮದ್ರಾಸಿನಲ್ಲೇ ಬೇರೆ ದಾರಿಯ ಮಾತೂ ಶುರುವಾಯಿತು. ಕೊಲ್ಲುವುದರಿಂದ ನಾಯಿ ಕಮ್ಮಿಯಾಗುತ್ತಿಲ್ಲ, ಸಂತಾನಹರಣ ಚಿಕಿತ್ಸೆ ಮಾಡಿ ಅಂತ ಅಲ್ಲಿನ ಬ್ಲೂ ಕ್ರಾಸ್ ಸಂಸ್ಥೆ 1964ರಿಂದ ಹೇಳುತ್ತಾ ಬಂತು. ದಿಲ್ಲಿಯಲ್ಲಿ ಅಷ್ಟರಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂದಿತ್ತು. ರುಕ್ಮಿಣಿ ದೇವಿ ಅರುಂಡೇಲ್ ಅವರ ಮುಂದಾಳತ್ವದಲ್ಲಿ 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿಯೂ ಆಗಿತ್ತು. ಸಾಕಿದ ಪ್ರಾಣಿಯನ್ನು ಹಸಿವು, ನೀರಡಿಕೆಗೆ ದೂಡಿ ಬಿಟ್ಟುಬರುವುದು ಆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಇಬ್ಬರು ಕೂತು ಒಗ್ಗರಣೆ, ಮಿರ್ಚಿ ತಿಂದರೂ ಈಗ ಅದಕ್ಕಿಂತ ಜಾಸ್ತಿ ಆಗುತ್ತದೆ.

2001ರಲ್ಲಿ ನಾಯಿ ಸಂತಾನ ನಿಯಂತ್ರಣ ನಿಯಮಗಳು ಬಂದವು. ಅದರಲ್ಲಿ ನಾಯಿ ಎರಡೇ ಬಗೆ. ಸಾಕುನಾಯಿ, ಬೀದಿನಾಯಿ. ಸಾಕಿದ್ದಕ್ಕೆ ಮಾಲೀಕನೇ ಹೊಣೆ. ಬೀದಿಯದನ್ನು ಹಿಡಿದು, ಆಪರೇಷನ್ ಮಾಡಿ, ರೇಬಿಸ್ ಲಸಿಕೆ ಹಾಕಿ, ಗುರುತಿಗೆ ಕಿವಿ ತುದಿ ಕತ್ತರಿಸಿ, ಹಿಡಿದ ಜಾಗದಲ್ಲೇ ಬಿಡಬೇಕು. ಇದಕ್ಕೊಂದು ಕಾರಣವಿದೆ. ಲಸಿಕೆ ಆದ ನಾಯಿಯನ್ನು ಬೇರೆಡೆ ಒಯ್ದರೆ ಖಾಲಿಯಾದ ಜಾಗಕ್ಕೆ ಲಸಿಕೆ ಆಗದ ನಾಯಿ ಬಂದು ಸೇರುತ್ತದೆ. ಸರಿಯಾದ ಲೆಕ್ಕವೇ. ಆದರೆ ನಿನ್ನೆವರೆಗೆ ಸೋಫಾ ಮೇಲೆ ಮಲಗಿ ಇವತ್ತು ಬೈಪಾಸಿನಲ್ಲಿ ನಿಂತಿರುವ ಲ್ಯಾಬ್ರಡಾರ್ ಯಾವ ಬಗೆ? ಕಾಲು ಮುರಿದು ಮೂರು ತಿಂಗಳು ಒಬ್ಬರ ಹಿತ್ತಲಲ್ಲಿದ್ದು, ಬೀದಿಗೆ ಮರಳಿದರೆ ಬದುಕದ ಕುಂಟನಾಯಿ ಯಾವ ಬಗೆ? ನಿಯಮದ ಆ ಎರಡು ಬಗೆಗಳಲ್ಲಿ ಇವಕ್ಕೆ ಜಾಗ ಇರಲಿಲ್ಲ. ಅವು ಯಾರಾದರೂ ಒಬ್ಬರ ಮನಸ್ಸಿನ ಮೇಲೆ, ಅವರ ಫೋನಿನ ಬ್ಯಾಟರಿಯ ಮೇಲೆ ಉಳಿದವು.

ನಾನು ಕಣ್ಣಾರೆ ಕಂಡದ್ದು ಅಲ್ಲಿಂದ ಮುಂದಿನದು. ಅದಿರಿಗೆ ಚೀನಾದಿಂದ ಬೇಡಿಕೆ ಏರಿದ ವರ್ಷಗಳಲ್ಲಿ ನಾನು ಪಶು ಔಷಧಿ ಅಂಗಡಿಯಲ್ಲಿ ಕೂರುತ್ತಿದ್ದೆ. ಅಲ್ಲಿಯವರೆಗೆ ನಮ್ಮ ವ್ಯಾಪಾರ ಎಮ್ಮೆಯ ಜಂತಿನ ಔಷಧಿ, ಕುರಿಯ ಲಸಿಕೆ. ಒಂದಿನ ಒಬ್ಬರು ಬಂದು ಸೇಂಟ್ ಬರ್ನಾರ್ಡ್ ನಾಯಿಗೆ ಶಾಂಪೂ ಕೇಳಿದರು. ಹಿಮದ ಬೆಟ್ಟದ ನಾಯಿ! ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಊರಿಗೆ! ದೊಡ್ಡ ಮನೆ, ದೊಡ್ಡ ಗೇಟು, ಗೇಟಿನೊಳಗೆ ದೊಡ್ಡ ನಾಯಿ. ಗೇಟು ಬಂದ ಮನೆಗಳಲ್ಲಿ ಕಟ್ಟೆ ಹೋಯಿತು, ಅದನ್ನು ಆಗ ಯಾರೂ ಗಮನಿಸಲಿಲ್ಲ. 2003ರಲ್ಲಿ ಮೊಬೈಲ್ ಕಂಪನಿಯ ಜಾಹೀರಾತೊಂದರಲ್ಲಿ ಪುಟ್ಟ ಪಗ್ ಹುಡುಗನ ಹಿಂದೆ ಓಡಿದ ಮೇಲೆ ಗೇಟಿಲ್ಲದ ಮನೆಗೂ ಜಾತಿನಾಯಿ ಬಂತು.

2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲಾರಿ ನಿಂತದ್ದು, ಸಾಲ ನಿಂತದ್ದು ಎಲ್ಲರಿಗೂ ಗೊತ್ತು. ಅಂಗಡಿಗೆ ಬರುವ ಮಾತೂ ಬದಲಾಯಿತು. "ಯಾರಿಗಾದ್ರೂ ನಾಯಿ ಬೇಕಂದ್ರೆ ಹೇಳ್ರಿ. ರೊಕ್ಕ ಬ್ಯಾಡ, ಸುಮ್ನೆ ಕೊಡ್ತೀವಿ." ದತ್ತು ಅನ್ನುವ ಮಾತನ್ನು ಆಗ ಯಾರೂ ಬಳಸುತ್ತಿರಲಿಲ್ಲ. ಸುಮ್ನೆ ಕೊಡುವುದು, ಅಷ್ಟೇ. ಅಂಗಡಿ ಗೋಡೆಗೆ ಚೀಟಿ ಅಂಟಿಸುವ ಕೆಲಸ ನನಗೆ ಅಂಟಿಕೊಂಡದ್ದು ಹೀಗೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ದೇಶದ ಎಲ್ಲ ಕಡೆಯಿಂದ ಬಂದವರು ವರ್ಗವಾಗಿ ಹೊರಟಾಗಲೂ ಇದೇ ಕರೆ. ಸಾಮಾನು ಲಾರಿಗೆ ಹತ್ತಿದೆ, ರೈಲಿನ ಟಿಕೆಟ್ ಆಗಿದೆ, ನಾಯಿಯ ಯೋಚನೆ ಮಾತ್ರ ಕೊನೆಯ ದಿನಕ್ಕೆ.

2020ರ ಲಾಕ್‌ಡೌನ್ ಎರಡು ಸಲ ಹೊಡೆಯಿತು. ಮೊದಲು ನಾಯಿಯಿಂದ ಕೊರೊನಾ ಬರುತ್ತದೆ ಅನ್ನುವ ಸುಳ್ಳಿಗೆ ಹೆದರಿ ಕೆಲವರು ಬಿಟ್ಟರು. ಆಮೇಲೆ ಮನೆಯಲ್ಲಿ ಕೂತು ಬೇಸರವಾಗಿ ಮರಿ ತಂದವರು, ಆಫೀಸು, ಶಾಲೆ ತೆರೆದ ಮೇಲೆ ಬಿಟ್ಟರು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ಮಾರಾಟ, ಸಂತಾನ ನಿಲ್ಲಿಸಿ ಅಂತ ರಾಜ್ಯಗಳಿಗೆ ಬರೆಯಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ರದ್ದು ಮಾಡಿತು. ನಡುವಿನ ಆ ನಾಲ್ಕು ವಾರ ರಾಟ್‌ವೀಲರ್ ಇಟ್ಟವರ ಕರೆಗಳಿಗೆ ಉತ್ತರ ಕೊಟ್ಟು ಸಾಕಾಯಿತು. ರದ್ದಾದ ಸುದ್ದಿ ತಿಳಿಸೋಣ ಅಂತ ವಾಪಸ್ ಫೋನ್ ಮಾಡಿದರೆ ಇಬ್ಬರು "ಕೊಟ್ಬಿಟ್ವಿ" ಅಂದರು. ಯಾರಿಗೆ ಅಂದರೆ ಗೊತ್ತಿಲ್ಲ.

ಈ "ಗೊತ್ತಿಲ್ಲ"ದ ರುಚಿ ನಾನೂ ಉಂಡಿದ್ದೇನೆ. ಒಂದು ಪುಷ್ಯ ಮಾಸದಲ್ಲಿ ಚರಂಡಿ ಪಕ್ಕ ಸಿಕ್ಕ ಐದು ಮರಿಗಳನ್ನು ರಟ್ಟಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ನಮ್ಮಲ್ಲಿ ನಾಯಿಗಳ ಕಾಲ ಕಾರ್ತಿಕ. ಗರ್ಭ ಸುಮಾರು 63 ದಿನ. ಲೆಕ್ಕ ಹಾಕಿದರೆ ಮರಿ ಕಣ್ಣು ಬಿಡುವುದು ಸರಿಯಾಗಿ ಚಳಿಯಲ್ಲಿ. ಮೂರು ಗಂಡು ನಾಲ್ಕು ದಿನಕ್ಕೆ ಹೋದವು. ಎರಡು ಹೆಣ್ಣು ಉಳಿದವು. ಒಬ್ಬ ಹುಡುಗ ಬೈಕಿನಲ್ಲಿ ಬಂದು, "ಅಣ್ಣಾ, ನಮ್ಮವ್ವಗ ನಾಯಿ ಅಂದ್ರ ಪ್ರಾಣ" ಅಂದ. ಒಂದನ್ನು ಕೊಟ್ಟೆ. ಮನೆ ನೋಡಲಿಲ್ಲ. ಮೂರು ವಾರ ಬಿಟ್ಟು ಫೋನ್ ಮಾಡಿದರೆ ಅದು ಕೈಯಿಂದ ಕೈಗೆ ಹೋಗಿ ಒಂದು ಗೋಡೌನ್ ಸೇರಿತ್ತು. ಹೋಗಿ ನೋಡಿದೆ. ಎಮ್ಮೆ ಕಟ್ಟುವಂಥ ಸರಪಳಿ, ನೀರಿನ ಬೋಗುಣಿ ಸರಪಳಿಗೆ ಎಟುಕದಷ್ಟು ದೂರ. ತಪ್ಪು ಆ ಹುಡುಗನದ್ದು ಅಂತ ಹೇಳಿ ಮುಗಿಸಬಹುದಿತ್ತು. ಅವನ ಅವ್ವಗೆ ನಾಯಿ ಅಂದರೆ ಪ್ರಾಣ ಅನ್ನುವುದು ನಿಜವೇ ಇತ್ತು. ಬಾಡಿಗೆ ಮನೆಯ ಯಜಮಾನರಿಗೆ ಇರಲಿಲ್ಲ.

ಅಲ್ಲಿಂದ ಈಚೆಗೆ ನಾನು ಕೇಳುವ ಪ್ರಶ್ನೆಗಳು ಜಾಸ್ತಿಯಾದವು. ಸ್ವಂತ ಮನೆಯೋ, ಬಾಡಿಗೆಯೋ? ಮಧ್ಯಾಹ್ನ ಮನೆಯಲ್ಲಿ ಯಾರಿರುತ್ತಾರೆ? ಮೇ ತಿಂಗಳಲ್ಲಿ ನಾಯಿ ಎಲ್ಲಿ ಮಲಗುತ್ತದೆ? ಹಿಂದೆ ನಾಯಿ ಇತ್ತಾ, ಏನಾಯಿತು? ಪಾರ್ವೊ ಅನ್ನುವ ವೈರಸ್ ರೋಗ ಬಂದು ಮರಿ ಸತ್ತ ಮನೆಯಾದರೆ ಕೆಲವು ತಿಂಗಳು ಮರಿ ಕೊಡುವುದಿಲ್ಲ. ಆ ವೈರಸ್ ಮಣ್ಣಲ್ಲಿ, ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ತಿಂಗಳು ತುಂಬದ ಮರಿ ಕೇಳಿದರೂ ಇಲ್ಲ. ಮುದ್ದಾಗಿ ಕಾಣುತ್ತದೆ, ನಿಜ. ಆದರೆ ತಾಯಿಯ ಹಾಲು ಬಿಡಿಸಿದ ಮರಿ, ಲಸಿಕೆಯೂ ಆಗದೆ ಹೊಸ ಮನೆಗೆ ಹೋಗಿ ರಕ್ತಭೇದಿಯಾಗಿ ಸಾಯುವುದನ್ನು ಒಮ್ಮೆ ನೋಡಿದರೆ ಸಾಕು. 2017ರ ತಳಿ ಮಾರಾಟದ ನಿಯಮ ಕೂಡ ಎಂಟು ವಾರ ತುಂಬದ ಮರಿ ಮಾರಬೇಡಿ ಅನ್ನುತ್ತದೆ. ಇಷ್ಟೆಲ್ಲ ಕೇಳಿದರೆ "ಹೆಣ್ಣು ಕೊಡೋರೂ ಇಷ್ಟು ಕೇಳಲ್ರೀ" ಅಂತ ಹೋಗಿಬಿಡುವವರಿದ್ದಾರೆ. ಹೋಗಲಿ ಬಿಡಿ.

ಜವಾರಿ ನಾಯಿಯ ಕಷ್ಟ ಇನ್ನೊಂದು. ಮುಧೋಳ ನಾಯಿಗೆ 2005ರಲ್ಲಿ ಅಂಚೆಚೀಟಿ ಬಂತು, ಸೇನೆಯೂ ಕರೆದುಕೊಂಡಿತು. ನಮ್ಮೂರಿನ ಬಿಸಿಲಿಗೆ ಹೇಳಿ ಮಾಡಿಸಿದ, ರೊಟ್ಟಿ ತಿಂದು ಬದುಕುವ ಕಂದು ನಾಯಿಗೆ ಹೆಸರೇ ಇಲ್ಲ. ಹೆಣ್ಣಾದರೆ ಮರಿ ಹಾಕುತ್ತದೆ ಅನ್ನುವ ಹೆದರಿಕೆ. ಆಪರೇಷನ್ ಆಗಿದೆ ನೋಡಿ ಅಂತ ಕಿವಿ ತೋರಿಸಿದರೆ, "ಕಿವಿಗೇನಾಗೈತ್ರಿ? ಜಗಳಗಂಟಿ ನಾಯಿ ಇರಬೇಕು" ಅನ್ನುತ್ತಾರೆ. ಲಸಿಕೆ ಆಗಿದೆ, ಮರಿ ಹಾಕುವುದಿಲ್ಲ ಅನ್ನುವ ಗುರುತೇ ಐಬಾಗಿ ಕಾಣುತ್ತದೆ. ನಮ್ಮ ಗುಂಪಿನಲ್ಲಿ ಒಬ್ಬರು ಫೋಟೊ ತೆಗೆಯುವಾಗ ಆ ಕಿವಿ ಕಾಣದ ಹಾಗೆ ತಿರುಗಿಸಿ ನಿಲ್ಲಿಸುತ್ತಿದ್ದರು. ಬೇಡ ಅಂತ ನಾನು ಜಗಳವಾಡಿದ್ದೇನೆ.

2023ರ ಮಾರ್ಚ್‌ನಲ್ಲಿ 2001ರ ನಿಯಮದ ಜಾಗಕ್ಕೆ ಹೊಸದು ಬಂತು. ಬೀದಿನಾಯಿ ಈಗ ಸಮುದಾಯದ ಪ್ರಾಣಿಯೂ ಆಯಿತು. ಕಟ್ಟೆ ಇದ್ದ ಕಾಲಕ್ಕೆ ಅದನ್ನು ಯಾರೂ ಬರೆದು ಹೇಳಬೇಕಿರಲಿಲ್ಲ. ಆಪರೇಷನ್, ಲಸಿಕೆಯ ಕೆಲಸ ಸ್ಥಳೀಯ ಸಂಸ್ಥೆಗಳ ತಲೆಯ ಮೇಲೇ ಇದೆ. ಆಮೇಲೆ 2025ರ ಆಗಸ್ಟ್ 11: ದಿಲ್ಲಿ ಸುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣದಲ್ಲಿಡಿ ಅಂತ ಇಬ್ಬರು ನ್ಯಾಯಮೂರ್ತಿಗಳ ಪೀಠ ಹೇಳಿತು. ಆಗಸ್ಟ್ 22: ಮೂವರ ಪೀಠ ಅದನ್ನು ತಿದ್ದಿ, ಆಪರೇಷನ್, ಲಸಿಕೆ ಮಾಡಿ ಅಲ್ಲೇ ಬಿಡಿ, ರೇಬಿಸ್ ಇರುವ, ಮೈಮೇಲೆ ಬೀಳುವ ನಾಯಿ ಮಾತ್ರ ಬೇಡ ಅಂದಿತು. ವಿಷಯವನ್ನು ಎಲ್ಲ ರಾಜ್ಯಗಳಿಗೂ ಹರಡಿತು. ನವೆಂಬರ್ 7: ಶಾಲೆ, ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣದೊಳಗಿನ ನಾಯಿಗಳನ್ನು ತೆಗೆಯಿರಿ, ಮತ್ತೆ ಅಲ್ಲಿ ಬಿಡಬೇಡಿ.

ಆಗಸ್ಟ್ 22ರ ಆದೇಶದಲ್ಲಿ ಹೆಚ್ಚು ಜನ ಓದದ ಒಂದು ಸಾಲಿದೆ. ಬೀದಿನಾಯಿ ಬೇಕಾದವರು ನಗರಾಡಳಿತಕ್ಕೆ ಅರ್ಜಿ ಹಾಕಬಹುದು. ಆರಿಸಿದ ನಾಯಿಗೆ ಗುರುತಿನ ಪಟ್ಟಿ ಹಾಕಿ ದತ್ತು ಕೊಡಬೇಕು. ಆ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ತಗೊಂಡವರ ಹೊಣೆ. 2001ರಲ್ಲಿ ಜಾಗ ಸಿಗದ ಆ ಮೂರನೇ ಬಗೆಯ ನಾಯಿಗೆ ಕೊನೆಗೂ ಒಂದು ಸಾಲು ಸಿಕ್ಕಿತು ಅಂತ ನನಗೆ ಖುಷಿಯಾಯಿತು. ಆದರೆ ಕೊಟ್ಟ ಮೇಲೆ ಆ ಮನೆಗೆ ಹೋಗಿ ನೋಡುವವರು ಯಾರು? ಕಾಗದದಲ್ಲಿ ಹೊಣೆ ಬರೆದಷ್ಟು ಸುಲಭವಲ್ಲ ಅದು. ಆಸ್ಪತ್ರೆಯಲ್ಲಿ ಮಗುವಿಗೆ ರೇಬಿಸ್ ಚುಚ್ಚುಮದ್ದು ಕೊಡಿಸುತ್ತಾ ನಿಂತ ತಾಯಿಗೆ ಈ ದತ್ತಿನ ಮಾತು ಬೇಕಿಲ್ಲ, ಆಕೆಯ ಸಿಟ್ಟೂ ನ್ಯಾಯದ್ದೇ. ಆಕೆಗೂ ನನಗೂ ಬೇಕಾದದ್ದು ಒಂದೇ, ಬೀದಿಯಲ್ಲಿ ನಾಯಿ ಕಮ್ಮಿಯಾಗಬೇಕು.

ಡಬ್ಬಿಯಲ್ಲಿ ಉಳಿದಿತ್ತಲ್ಲ ಆ ಎರಡನೇ ಹೆಣ್ಣುಮರಿ, ಅದು ನಮ್ಮ ಅಂಗಡಿ ಹಿಂದೆಯೇ ಬೆಳೆಯಿತು. ಆಪರೇಷನ್ ಆಯಿತು, ಕಿವಿ ಕತ್ತರಿಸಿಕೊಂಡು ಬಂತು. ಏಳು ತಿಂಗಳು ಫೋಟೊ ಹಾಕಿದ್ದೇ ಹಾಕಿದ್ದು. ಕೊನೆಗೆ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಅಕ್ಕ ಒಬ್ಬರು ಬಂದರು. ಹಳೇ ಮನೆ, ಮುಂದೆ ಇನ್ನೂ ಕಟ್ಟೆ ಉಳಿದಿದೆ. ಗಂಡಾ ಹೆಣ್ಣಾ ಅಂತ ಕೇಳಲಿಲ್ಲ. ಕಿವಿ ನೋಡಿದರು, ಏನೂ ಅನ್ನಲಿಲ್ಲ. "ರೊಟ್ಟಿ ತಿಂತೈತೇನ್ರಿ?" ಅಂದರು. ತಿನ್ನುತ್ತದೆ ಅಂದೆ.

ಮೂರು ದಿನ ಹೊಲಿಗೆ ಮಷೀನಿನ ಕೆಳಗಿಂದ ಹೊರಗೇ ಬರಲಿಲ್ಲವಂತೆ. ಅವರು ಬಲವಂತ ಮಾಡದೆ ಅಲ್ಲೇ ತಟ್ಟೆ ಸರಿಸಿದರಂತೆ. ಮೂರು ವಾರ ಬಿಟ್ಟು ನೋಡೋಣ ಅಂತ ಹೋದೆ. ಕಟ್ಟೆಯ ಮೇಲೆ ನೀಲಿ ಚಿಂದಿಯ ರಾಶಿ, ಅದರ ಮೇಲೆ ಇದು. ಗಾಡಿ ನಿಲ್ಲಿಸಿ ಹತ್ತಿರ ಹೋದರೆ, ಏಳು ತಿಂಗಳು ಊಟ ಹಾಕಿದ ನನ್ನನ್ನೇ ನೋಡಿ ಬೊಗಳಿತು. ಅಕ್ಕ ಒಳಗಿಂದಲೇ ಕೂಗಿದರು, "ಯಾರದು?"