ಸೊನ್ನೆ ಚುಕ್ಕೆ ಎಷ್ಟು? ಮುಗಿಯದ ಗೇಮ್‌ಗಳ ನಂಬರ್ ಕಥೆ

ಆಡುತ್ತಿರುವ ಗೇಮ್ ಇನ್ನೂ ತಯಾರಾಗುತ್ತಿದೆ. ಮೆನುವಿನ ಮೂಲೆಯಲ್ಲಿ ಸಣ್ಣದಾಗಿ 0.9 ಅಂತ ಆವೃತ್ತಿಯ ನಂಬರ್ ಬರೆದಿದೆ. ಮುಂದಿನ ಅಪ್‌ಡೇಟ್‌ಗೆ 1.0, ಅಂದರೆ ಪೂರ್ತಿಯಾದ ಗೇಮ್, ಬರುತ್ತದೆ ಅಂತ ಕಾದರೆ ಬರುವುದು 0.10. ಹಿಂದಕ್ಕೆ ಹೋಯಿತು ಅನ್ನಿಸುತ್ತದೆ, ಅಲ್ವಾ? ಇಲ್ಲ. ಈ ಚುಕ್ಕೆ ದಶಮಾಂಶದ್ದಲ್ಲ. ಚುಕ್ಕೆಯ ಆಚೆಗೊಂದು ಎಣಿಕೆ, ಈಚೆಗೊಂದು ಎಣಿಕೆ. ಒಂಬತ್ತಾದ ಮೇಲೆ ಹತ್ತು, ಅಷ್ಟೇ.

ಮೊದಲೆಲ್ಲ ಈ ಸೊನ್ನೆಗಳು ಆಟಗಾರರ ಕಣ್ಣಿಗೆ ಬೀಳುತ್ತಿದ್ದದ್ದು ಕಡಿಮೆ. ಆಲ್ಫಾ (ಮೊದಲ ಕಚ್ಚಾ ರೂಪ), ಬೀಟಾ (ಅದರ ನಂತರದ, ಬಹುಪಾಲು ಸಿದ್ಧವಾದ ರೂಪ) ಎಲ್ಲ ಹೆಚ್ಚಾಗಿ ಕಂಪನಿಯ ಒಳಗಿನ ಮಾತು. ಕೊನೆಗೆ ಡಿಸ್ಕ್ ಅಚ್ಚು ಹಾಕಲು ಮಾಸ್ಟರ್ ಪ್ರತಿ ಹೋಯಿತೆಂದರೆ ಗೇಮ್ 'ಗೋಲ್ಡ್' ಆಯಿತು ಅನ್ನುತ್ತಿದ್ದರು. ಆಮೇಲೆ ತಿದ್ದುವುದು ಕಷ್ಟ. ಹಾಗಾಗಿ 1.0 ಅನ್ನುವುದಕ್ಕೆ ಗಟ್ಟಿಯಾದ ಅರ್ಥವಿತ್ತು.

ಮೈನ್‌ಕ್ರಾಫ್ಟ್ ಬಂದಾಗ ಇದು ಬದಲಾಯಿತು. 2009ರ ಮೇ ತಿಂಗಳಲ್ಲಿ ಅರೆಬರೆ ರೂಪದಲ್ಲೇ ಜನರ ಕೈಗೆ ಬಂದ ಗೇಮ್ ಅದು. 2010ರಲ್ಲಿ ಆಲ್ಫಾ, ಅದೇ ಡಿಸೆಂಬರ್ 20ಕ್ಕೆ ಬೀಟಾ. ಆಲ್ಫಾದಲ್ಲಿ ಕೊಂಡವರಿಗೆ ಮುಂದಿನ ಅಪ್‌ಡೇಟ್ ಎಲ್ಲ ಉಚಿತ ಅನ್ನುವ ಮಾತಿತ್ತು. ಬೀಟಾಕ್ಕೆ ಬೆಲೆ ಏರಿತು, ಆ ಮಾತೂ ಬದಲಾಯಿತು. ಅಂದರೆ ಹೆಸರು ಬದಲಾದದ್ದು ಸುಮ್ನೆ ಅಲ್ಲ. ಕೊಳ್ಳುವವರ ಜೊತೆಗಿನ ಒಪ್ಪಂದವೇ ಬದಲಾಯಿತು. ಬೀಟಾ 1.8 ಆದ ಮೇಲೆ, 2011ರ ನವೆಂಬರ್ 18ಕ್ಕೆ 1.0 ಬಂತು. ಬೀಟಾ 1.8ರ ನಂತರ ಬರಿ 1.0! ಹೊಸಬರಿಗೆ ತಲೆ ಕೆಡದೆ ಇರುತ್ತದೆಯೇ?

2013ರ ಮಾರ್ಚ್‌ನಲ್ಲಿ, ಆನ್‌ಲೈನಲ್ಲಿ ಗೇಮ್ ಮಾರುವ ಅಂಗಡಿ ಸ್ಟೀಮ್ 'ಅರ್ಲಿ ಆಕ್ಸೆಸ್' ಶುರು ಮಾಡಿತು. ಮುಗಿಯದ ಗೇಮ್ ಮಾರುವುದು ಮಾಮೂಲಿಯಾಯಿತು. ಆಗ ನಂಬರ್‌ಗೆ ಇನ್ನೊಂದು ಕೆಲಸ ಬಂತು: ಇನ್ನೆಷ್ಟು ದೂರ ಇದೆ ಅಂತ ಹೇಳುವುದು. ಕರ್ಬಲ್ ಸ್ಪೇಸ್ ಪ್ರೋಗ್ರಾಂ 2014ರಲ್ಲಿ 0.25ರಿಂದ ನೇರ 0.90ಕ್ಕೆ ಹಾರಿತು. ಒಂದೇ ಅಪ್‌ಡೇಟ್‌ನಲ್ಲಿ ಅಷ್ಟೊಂದು ಕೆಲಸ ಆಗಿರಲಿಲ್ಲ. ಬೀಟಾಕ್ಕೆ ಬಂದೆವು, 1.0 ಹತ್ತಿರ ಇದೆ ಅಂತ ಸಾರಿದ್ದು ಅದು. 2015ರ ಏಪ್ರಿಲ್‌ನಲ್ಲಿ 1.0 ಬಂದೇ ಬಂತು. ಫ್ಯಾಕ್ಟೋರಿಯೊ ತಂಡವಂತೂ ಇನ್ನೊಂದು ದೊಡ್ಡ ಗೇಮಿನ ಬಿಡುಗಡೆಗೆ ಎದುರಾಗಬಾರದು ಅಂತ ತನ್ನ 1.0 ದಿನವನ್ನು 2020ರ ಸೆಪ್ಟೆಂಬರ್‌ನಿಂದ ಆಗಸ್ಟ್ 14ಕ್ಕೆ ಎಳೆದುಕೊಂಡಿತು.

ನನಗೆ ಎಲ್ಲಕ್ಕಿಂತ ಇಷ್ಟವಾದ ಲೆಕ್ಕ ಡ್ವಾರ್ಫ್ ಫೋರ್ಟ್ರೆಸ್‌ನದು. ಟಾರ್ನ್ ಮತ್ತು ಝಾಕ್ ಆಡಮ್ಸ್ ಅಣ್ಣತಮ್ಮಂದಿರು ಗೇಮಿಗೆ ಬೇಕಾದ 100 ಮುಖ್ಯ ಅಂಶಗಳ ಪಟ್ಟಿ ಇಟ್ಟುಕೊಂಡಿದ್ದರು. 0.31.01 ಬಿಡಿಸಿ ನೋಡಿ. ಸೊನ್ನೆ ಅಂದರೆ ಇನ್ನೂ ಮುಗಿದಿಲ್ಲ. 31 ಅಂದರೆ ನೂರರಲ್ಲಿ ಅಷ್ಟು ಆಗಿದೆ. 01 ಅಂದರೆ ಆ ಹಂತದ ಮೊದಲ ಬಿಡುಗಡೆ. ಇಷ್ಟು ನೇರವಾಗಿ ಆಟಗಾರರಿಗೆ ಲೆಕ್ಕ ಒಪ್ಪಿಸಿದ ಗೇಮ್ ನಾನು ಬೇರೆ ಕಂಡಿಲ್ಲ. 2006ರಿಂದ ಜನ ಅದನ್ನು ಉಚಿತವಾಗಿ ಆಡುತ್ತಾ ಬಂದರು. 2022ರ ಡಿಸೆಂಬರ್ 6ಕ್ಕೆ, ಚಿತ್ರಗಳ ಸಮೇತ, ಸ್ಟೀಮ್‌ನಲ್ಲಿ ಮಾರಾಟಕ್ಕೆ ಬಂದಾಗ ನಂಬರಿನ ಮೊದಲಿಗಿದ್ದ ಸೊನ್ನೆ ಬಿದ್ದುಹೋಗಿತ್ತು. ಆದರೂ ಅವರು ಹಾಕಿದ್ದು 1.0 ಅಲ್ಲ, 50.01.