ಮನೆ ಪಕ್ಕದ ದೊಡ್ಡ ಮರದ ಬೇರು ಪಾಯ ಒಡೆಯುತ್ತದಾ?

ಪ್ರಶ್ನೆ: ನಮ್ಮ ಮನೆ ಗೋಡೆಯಿಂದ ಹತ್ತು ಅಡಿ ದೂರದಲ್ಲಿ ದೊಡ್ಡ ಮರ ಇದೆ. ಕಿಟಕಿ ಪಕ್ಕ ಗೋಡೆ ಬಿರುಕು ಬಿಟ್ಟಿದೆ. ಬೇರು ಪಾಯಕ್ಕೆ ನುಗ್ಗಿದೆ, ಕಡಿಸಿಬಿಡಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಕಡಿಸಬೇಕಾ?

ಉತ್ತರ: ಸ್ವಲ್ಪ ತಡೆಯಿರಿ. ಮೊದಲು ಮನೆ ಯಾವ ಮಣ್ಣಿನ ಮೇಲೆ ನಿಂತಿದೆ ನೋಡಿ.

ಬೇರು ಪಾಯವನ್ನು ತಳ್ಳಿ ಒಡೆಯುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಗಟ್ಟಿ ಪಾಯದ ಮಟ್ಟಿಗೆ ಅದು ಅಪರೂಪ. ಬೇರುಗಳಲ್ಲಿ ಹೆಚ್ಚಿನವು ಮೇಲಿನ 2 ಅಡಿ ಮಣ್ಣಿನಲ್ಲೇ ಇರುತ್ತವೆ. ಅಡ್ಡಕ್ಕೆ ಮಾತ್ರ ಕೊಂಬೆಗಳ ನೆರಳನ್ನೂ ದಾಟಿ ಹರಡುತ್ತವೆ. ಗಟ್ಟಿ ಗೋಡೆ ಎದುರಾದರೆ ಪಕ್ಕಕ್ಕೆ ತಿರುಗಿಕೊಳ್ಳುತ್ತವೆ. ಅವು ಎತ್ತಿ ಒಡೆಯುವುದು ಹಗುರವಾದದ್ದನ್ನು. ಅಂಗಳದ ಕಲ್ಲುಹಾಸು, ಆಳವಿಲ್ಲದ ಕಾಂಪೌಂಡು, ಹೊರಗಿನ ಮೆಟ್ಟಿಲು, ಇಂಥವು.

ಪಾಯಕ್ಕೆ ನಿಜವಾದ ಕಾಟ ನೀರಿನದು. ಎರೆಮಣ್ಣಿನಂಥ ಜೇಡಿಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬಿಸಿಲುಗಾಲದಲ್ಲಿ ದೊಡ್ಡ ಮರ ಸುತ್ತಲಿನ ತೇವವನ್ನೆಲ್ಲ ಹೀರುತ್ತದೆ. ಆ ಕಡೆಯ ಮಣ್ಣು ಕುಗ್ಗಿ ಮನೆಯ ಒಂದು ಮೂಲೆ ಕೂರುತ್ತದೆ, ಉಳಿದದ್ದು ಇದ್ದಲ್ಲೇ ಇರುತ್ತದೆ. ಗೋಡೆ ಸೀಳದೆ ಇನ್ನೇನು ಮಾಡೀತು? ಮರಳು ಅಥವಾ ಕಲ್ಲುಮಣ್ಣಿನ ನೆಲದಲ್ಲಿ ಈ ರಗಳೆ ಇರುವುದಿಲ್ಲ.

ಹಾಗಾಗಿ ಬಿರುಕನ್ನೇ ಕೇಳಿ. ಕಿಟಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟಿದೆಯಾ? ಒಂದು ತುದಿಯಲ್ಲಿ ಅಗಲ, ಇನ್ನೊಂದರಲ್ಲಿ ಕೂದಲೆಳೆಯಷ್ಟಾ? ಹಾಗಿದ್ದರೆ ಒಂದು ಮೂಲೆ ಕೂರುತ್ತಿರಬಹುದು. ಬಿರುಕಿನ ಎರಡೂ ಬದಿಗೆ ಪೆನ್ಸಿಲ್‌ನಲ್ಲಿ ಒಂದೊಂದು ಚುಕ್ಕೆ ಇಡಿ, ಪಕ್ಕದಲ್ಲಿ ತಾರೀಕು ಬರೆಯಿರಿ. ತಿಂಗಳಿಗೊಮ್ಮೆ ಸ್ಕೇಲ್ ಇಟ್ಟು ಅಳೆಯಿರಿ. ಬೇಸಿಗೆಯಲ್ಲಿ ಬಾಯಿ ಬಿಟ್ಟು ಮಳೆಗಾಲದಲ್ಲಿ ಮುಚ್ಚಿಕೊಂಡರೆ ಮಣ್ಣು, ಮರ ಎರಡರ ಮೇಲೂ ಅನುಮಾನ ಪಡಬಹುದು. ಕೂದಲೆಳೆಯಂಥ ಬಿರುಕು ಎಷ್ಟೋ ಸಲ ಬರೀ ಗಾರೆಯದ್ದು. 5 ಮಿಲಿಮೀಟರ್ ದಾಟಿದ್ದರೆ ಅಥವಾ ಬೆಳೆಯುತ್ತಲೇ ಇದ್ದರೆ ಕಾಯಬೇಡಿ, ಎಂಜಿನಿಯರ್‌ಗೆ ತೋರಿಸಿ.

ಸುಮ್ನೆ ಕಡಿಸಿದರೆ ಮುಗಿಯಿತು ಅನ್ನುವವರು ಒಂದು ಮಾತು ಮರೆಯುತ್ತಾರೆ. ಎರೆಮಣ್ಣಿನಲ್ಲಿ ಹೀರುವ ಮರ ಹೋದ ಮೇಲೆ ಒಣಗಿದ್ದ ಮಣ್ಣು ಮತ್ತೆ ನೀರು ಕುಡಿದು ವರ್ಷಗಟ್ಟಲೆ ಉಬ್ಬಬಹುದು. ಆಗ ಮನೆ ಮೇಲಕ್ಕೆ ಏಳುತ್ತದೆ. ಮನೆಗಿಂತ ಮೊದಲೇ ಇದ್ದ ಹಳೇ ಮರವಾದರೆ ಈ ಭಯ ಜಾಸ್ತಿ.

ಚರಂಡಿ ಪೈಪಿನ ಕಥೆಯೂ ಹೀಗೇ. ಗಟ್ಟಿ ಪೈಪನ್ನು ಬೇರು ಒಡೆಯುವುದು ಕಡಿಮೆ. ಜಾಯಿಂಟ್ ಸೋರುತ್ತಿದ್ದರೆ ದಾರದಂಥ ಎಳೆಯೊಂದು ತೇವ ಹುಡುಕಿಕೊಂಡು ಒಳಗೆ ನುಸುಳುತ್ತದೆ. ಆಮೇಲೆ ಹೊರಗೆ ಎಳೆದರೆ ಒಂದು ಮಾರು ಜಡೆ! ಬೇರು ಕತ್ತರಿಸಿ ಸುಮ್ಮನಾದರೆ ಅದು ಮತ್ತೆ ಬರುತ್ತದೆ, ಸೋರುವುದನ್ನು ಸರಿಮಾಡಿಸಿ.

ನನ್ನ ಕೇಳಿದರೆ, ಕೆಳಗಿನದಕ್ಕಿಂತ ಮೇಲಿನದಕ್ಕೆ ಹೆಚ್ಚು ಹೆದರಬೇಕು. ಸೂರಿನ ಮೇಲೆ ಚಾಚಿದ ಒಣ ಕೊಂಬೆ, ಬುಡದಲ್ಲಿ ಅಣಬೆ, ಪೊಟರೆ. ಮರ ಹೊಸದಾಗಿ ವಾಲಿ, ಹಿಂಬದಿಯ ಮಣ್ಣು ಬಿರಿದಿದ್ದರೆ ಅವತ್ತೇ ತಿಳಿದವರನ್ನು ಕರೆಸಿ. ಹೆದರಿ ತಲೆ ಬೋಳಿಸಬೇಡಿ. ಆ ಗಾಯದಿಂದ ಚಿಗುರುವ ಕೊಂಬೆಗಳಿಗೆ ಹಿಡಿತ ಕಡಿಮೆ, ಗಾಳಿಗೆ ಅವೇ ಮೊದಲು ಮುರಿಯುವುದು. ಮನೆ ಕಡೆಯ ದಪ್ಪ ಬೇರು ಕಡಿಸುವುದೂ ಬೇಡ, ಮರವನ್ನು ಹಿಡಿದು ನಿಲ್ಲಿಸಿರುವುದೇ ಅದು.

ಹೊಸದಾಗಿ ನೆಡುವವರು ಎರೆಮಣ್ಣಿನಲ್ಲಿ ಮರ ಎಷ್ಟು ಎತ್ತರ ಬೆಳೆಯುತ್ತದೋ ಅಷ್ಟು ದೂರ ಬಿಟ್ಟರೆ ನಿಶ್ಚಿಂತೆ.

ಇನ್ನು ಗೋಡೆಯನ್ನು ನೇರವಾಗಿ ಸೀಳುವ ಬೇರು ಒಂದಿದೆ. ಕಿಟಕಿ ಮೇಲಿನ ಸಜ್ಜೆಯ ಸಂದಿಯಲ್ಲಿ ಹಕ್ಕಿ ಹಿಕ್ಕೆಯಿಂದ ಹುಟ್ಟುವ ಅರಳಿ, ಆಲದ ಸಸಿ. ನಾಲ್ಕೆಲೆ ಇದ್ದಾಗ ಚೆಂದ ಕಾಣುತ್ತದೆ. ಎಲೆ ಚಿವುಟಿದರೆ ಸಾಲದು, ಬೇರು ಸಮೇತ ಕಿತ್ತು ಸಂದಿಗೆ ಸಿಮೆಂಟ್ ಮೆತ್ತಿ. ಇದನ್ನು ಈ ವಾರವೇ ಮಾಡಿ.