ಕೊರಿಯೊಲೇನಸ್ ನಿಜವಾಗಿ ಬದುಕಿದ್ದನಾ? ನಾಟಕದ ಆ ಹಸಿವು ಎಲ್ಲಿಂದ ಬಂತು?

ಓದುಗರ ಪ್ರಶ್ನೆ: ಶೇಕ್ಸ್‌ಪಿಯರ್‌ನ 'ಕೊರಿಯೊಲೇನಸ್' ನಾಟಕ ನಿಜವಾದ ಇತಿಹಾಸವಾ? ಆ ಹೆಸರಿನ ಸೇನಾಪತಿ ರೋಮ್‌ನಲ್ಲಿ ಇದ್ದನಾ, ಇಲ್ಲಾ ಎಲ್ಲಾ ಕಟ್ಟುಕಥೆಯಾ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕೊರಿಯೊಲೇನಸ್ ಇದ್ದ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ಇಂದಿನ ಇತಿಹಾಸಕಾರರಲ್ಲಿ ಬಹಳಷ್ಟು ಜನ ಅವನನ್ನು ದಂತಕಥೆಯ ಮನುಷ್ಯ ಅಂತಲೇ ನೋಡುತ್ತಾರೆ. ಆದರೆ ನಾಟಕ ಶುರುವಾಗುತ್ತಿದ್ದ ಹಾಗೆ ದೊಣ್ಣೆ ಹಿಡಿದು, ಕಾಳು ಕೊಡಿ ಅಂತ ಬೀದಿಗಿಳಿಯುವ ಜನ ಇದ್ದಾರಲ್ಲ, ಅವರನ್ನು ಶೇಕ್ಸ್‌ಪಿಯರ್ ದಂತಕಥೆಯಲ್ಲಿ ಹುಡುಕಬೇಕಾಗಿರಲಿಲ್ಲ. ಅಂಥವರು ಅವನ ಸ್ವಂತ ಜಿಲ್ಲೆಯಲ್ಲೇ, ನಾಟಕ ಬರೆಯುವುದಕ್ಕೆ ಸ್ವಲ್ಪ ಮುಂಚೆ ಗುದ್ದಲಿ ಹಿಡಿದು ಎದ್ದಿದ್ದರು.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ರೋಮ್ ತನ್ನ ರಾಜರನ್ನು ಓಡಿಸಿ ಹೆಚ್ಚು ಕಾಲ ಆಗಿಲ್ಲ. ಕ್ರಿ.ಪೂ. 493ರಲ್ಲಿ ಗಾಯಸ್ ಮಾರ್ಸಿಯಸ್ ಅನ್ನೋ ದೊಡ್ಡ ಮನೆತನದ ಯೋಧ, ರೋಮ್‌ನ ನೆರೆಯ ಶತ್ರುಗಳಾದ ವೊಲ್ಸಿ ಜನರ ಕೊರಿಯೊಲಿ ಪಟ್ಟಣವನ್ನು ಗೆಲ್ಲುತ್ತಾನೆ. ಅದರಿಂದಲೇ ಅವನಿಗೆ ಕೊರಿಯೊಲೇನಸ್ ಅನ್ನೋ ಬಿರುದು. ಆಮೇಲೆ ಬರ ಬರುತ್ತದೆ. ಸಿಸಿಲಿಯಿಂದ ಗೋಧಿ ತರಿಸುತ್ತಾರೆ. ಬಡವರು ಹೋರಾಡಿ ಪಡೆದ ಟ್ರಿಬ್ಯೂನ್ ಹುದ್ದೆಯನ್ನು, ಅಂದರೆ ತಮ್ಮ ಪರ ಮಾತಾಡುವವರನ್ನು, ಬಿಟ್ಟುಕೊಡುವ ತನಕ ಅವರಿಗೆ ಕಾಳು ಅಗ್ಗವಾಗಿ ಸಿಗಬಾರದು ಅಂತ ಇವನು ಸೆನೆಟ್‌ನಲ್ಲಿ ವಾದ ಮಾಡುತ್ತಾನೆ. ಜನ ರೊಚ್ಚಿಗೆದ್ದು ಅವನನ್ನು ಗಡಿಪಾರು ಮಾಡುತ್ತಾರೆ. ಅವನು ನೇರ ಶತ್ರುಗಳ ಪಾಳೆಯಕ್ಕೆ ಹೋಗಿ, ಅವರ ಸೈನ್ಯ ಕಟ್ಟಿಕೊಂಡು ರೋಮ್‌ನ ಬಾಗಿಲಿಗೇ ಬರುತ್ತಾನೆ. ಕೊನೆಗೆ ಅವನ ತಾಯಿ, ಹೆಂಡತಿ, ಮಕ್ಕಳು ಪಾಳೆಯಕ್ಕೆ ಬಂದು ಬೇಡಿಕೊಂಡ ಮೇಲೆ ವಾಪಸ್ ಹೋಗುತ್ತಾನೆ. ವೊಲ್ಸಿ ಜನ ಅವನನ್ನು ಕೊಲ್ಲುತ್ತಾರೆ.

ಇದರಲ್ಲಿ ನಂಬುವಂಥದ್ದು ಎಷ್ಟು? ವೊಲ್ಸಿ ಜನ ಇದ್ದದ್ದು ನಿಜ, ರೋಮ್ ಅವರ ಜೊತೆ ವರ್ಷಗಟ್ಟಲೆ ಬಡಿದಾಡಿದ್ದೂ ನಿಜ. ತೊಂದರೆ ಇರೋದು ಈ ಮನುಷ್ಯನ ವಿಷಯದಲ್ಲಿ. ಅವನ ಕಥೆ ಬರೆದ ರೋಮನ್ ಇತಿಹಾಸಕಾರ ಲಿವಿ ಬದುಕಿದ್ದು ಸುಮಾರು 500 ವರ್ಷ ಆದ ಮೇಲೆ, ಗ್ರೀಕ್ ಲೇಖಕ ಪ್ಲುಟಾರ್ಕ್ ಇನ್ನೂ ಈಚೆಗೆ. ಗೆದ್ದ ಊರಿನ ಹೆಸರನ್ನು ಸೇನಾಪತಿಗೆ ಬಿರುದಾಗಿ ಕೊಡುವ ಪದ್ಧತಿ ಆ ಕಾಲಕ್ಕೆ ಬಹಳ ಬೇಗ ಆಯಿತು. ತಾನು ಗೆದ್ದ ನಾಡಿನ ಹೆಸರಿಂದ ಪ್ರಸಿದ್ಧನಾದ ಮೊದಲ ಸೇನಾಪತಿ ಸಿಪಿಯೊ ಆಫ್ರಿಕೇನಸ್ ಅಂತ ಲಿವಿಯೇ ಬೇರೆ ಕಡೆ ಬರೆಯುತ್ತಾನೆ, ಅದು ಹೆಚ್ಚುಕಮ್ಮಿ 300 ವರ್ಷ ಆಮೇಲಿನ ಮಾತು. ಸಾವಿನ ಬಗ್ಗೆಯೂ ಒಮ್ಮತ ಇಲ್ಲ. ಅವನು ಮುದುಕನಾಗುವ ತನಕ ಬದುಕಿದ್ದ, ವಯಸ್ಸಾದವನಿಗೆ ಪರದೇಶವಾಸ ಜಾಸ್ತಿ ಕಷ್ಟ ಅಂತ ಕೊರಗುತ್ತಿದ್ದ ಅಂತ ಫೇಬಿಯಸ್ ಅನ್ನೋ ಹಳೆಯ ಇತಿಹಾಸಕಾರ ಬರೆದಿದ್ದನ್ನು ಲಿವಿ ಎತ್ತಿ ಹೇಳುತ್ತಾನೆ. ವೊಲ್ಸಿಗಳ ಕೈಯಲ್ಲಿ ರೋಮ್ ಸೋತಿತ್ತು, ಆ ಅವಮಾನ ಮುಚ್ಚಿಕೊಳ್ಳಲು "ನಮ್ಮನ್ನು ಸೋಲಿಸಿದವನೂ ನಮ್ಮವನೇ" ಅನ್ನೋ ಕಥೆ ಹುಟ್ಟಿರಬೇಕು ಅಂತ ಕೆಲವು ಇತಿಹಾಸಕಾರರು ಹೇಳುತ್ತಾರೆ. ನನಗೆ ಈ ವಾದ ಸರಿ ಅನಿಸುತ್ತದೆ.

ಶೇಕ್ಸ್‌ಪಿಯರ್‌ಗೆ ಈ ತಕರಾರು ಯಾವುದೂ ಇರಲಿಲ್ಲ. ಅವನು ಓದಿದ್ದು ಪ್ಲುಟಾರ್ಕ್‌ನ ಜೀವನಚರಿತ್ರೆಗಳನ್ನು. ಮೂಲ ಗ್ರೀಕ್, ಅದರಿಂದ ಜಾಕ್ ಅಮಿಯೊ ಫ್ರೆಂಚ್‌ಗೆ ತಂದ, ಆ ಫ್ರೆಂಚ್‌ನಿಂದ ಥಾಮಸ್ ನಾರ್ತ್ 1579ರಲ್ಲಿ ಇಂಗ್ಲಿಷ್‌ಗೆ ತಂದ. 1595ರಲ್ಲಿ ಅದನ್ನು ಮತ್ತೆ ಅಚ್ಚು ಹಾಕಿದವನು ರಿಚರ್ಡ್ ಫೀಲ್ಡ್. ಇವನೂ ಸ್ಟ್ರಾಟ್‌ಫರ್ಡ್‌ನವನೇ, ಚರ್ಮ ಹದ ಮಾಡುವವನ ಮಗ. ಶೇಕ್ಸ್‌ಪಿಯರ್‌ನ ಅಪ್ಪ ಅದೇ ಊರಲ್ಲಿ ಚರ್ಮದ ಕೈಗವಸು ಹೊಲಿಯುತ್ತಿದ್ದವನು. ಶೇಕ್ಸ್‌ಪಿಯರ್ ಹೆಸರಲ್ಲಿ ಮೊದಲು ಅಚ್ಚಾದ ಕವನವನ್ನು 1593ರಲ್ಲಿ ಮುದ್ರಿಸಿದವನೂ ಈ ಫೀಲ್ಡ್.

ಪುಸ್ತಕ ಎದುರಿಗೆ ಇಟ್ಟುಕೊಂಡೇ ಬರೆದಿರಬೇಕು, ಯಾಕಂದ್ರೆ ತಾಯಿ ವೊಲಮ್ನಿಯಾ ಮಗನ ಮುಂದೆ ಆಡುವ ಮಾತುಗಳಲ್ಲಿ ನಾರ್ತ್‌ನ ಗದ್ಯ ಸಾಲುಸಾಲಾಗಿ ಪದ್ಯವಾಗಿದೆ. ಆದರೆ ಎಲ್ಲಿ ಬದಲಾಯಿಸಿದ ಅನ್ನೋದನ್ನು ನೋಡಬೇಕು. ಪ್ಲುಟಾರ್ಕ್‌ನಲ್ಲಿ ಮಾರ್ಸಿಯಸ್ ಮತ ಕೇಳಲು ಹೋದಾಗ 17 ವರ್ಷದ ಯುದ್ಧಗಳಲ್ಲಿ ಆದ ಗಾಯದ ಗುರುತುಗಳನ್ನು ಜನರಿಗೆ ತೋರಿಸುತ್ತಾನೆ, ಪದ್ಧತಿಯೇ ಹಾಗೆ. ನಾಟಕದಲ್ಲಿ ಅವನು ತೋರಿಸುವುದೇ ಇಲ್ಲ. ಖಾಸಗಿಯಾಗಿ ತೋರಿಸುತ್ತೇನೆ ಅಂತ ಜಾರಿಕೊಳ್ಳುತ್ತಾನೆ. ಆ ಒಂದು ಬದಲಾವಣೆಯಿಂದ ಇಡೀ ಪಾತ್ರ ಬೇರೆಯಾಗುತ್ತದೆ, ಅಲ್ವಾ? ಜನರ ಎದುರು ತಾನು ಸಾಲಗಾರ ಅಂತ ಒಂದು ಗಳಿಗೆಯೂ ಒಪ್ಪದವನು ಅವನು.

ಇನ್ನೊಂದು ಬದಲಾವಣೆ ಇದಕ್ಕಿಂತ ದೊಡ್ಡದು. ಪ್ಲುಟಾರ್ಕ್ ಪ್ರಕಾರ ಜನ ಮೊದಲು ಎದ್ದದ್ದು ಬಡ್ಡಿಸಾಲದ ಕಾಟಕ್ಕೆ. ಊರು ಬಿಟ್ಟು ಗುಡ್ಡ ಹತ್ತಿ ಕೂತರು, ಸೆನೆಟ್ ಕಳಿಸಿದ ಮೆನೀನಿಯಸ್ ಬಂದು ಹೊಟ್ಟೆಯ ಮೇಲೆ ಕೈಕಾಲುಗಳು ಮುನಿಸಿಕೊಂಡ ಕಥೆ ಹೇಳಿ ಸಮಾಧಾನ ಮಾಡಿದ. ಕಾಳಿನ ಬರ ಬಂದದ್ದು ಆಮೇಲೆ. ಶೇಕ್ಸ್‌ಪಿಯರ್ ಬಡ್ಡಿಯನ್ನು ಒಂದು ಮಾತಿಗೆ ಇಳಿಸಿ, ಹಸಿವನ್ನು ಮೊದಲ ಸಾಲಿಗೇ ತಂದುಬಿಟ್ಟ. ಕಣಜಗಳು ತುಂಬಿವೆ, ನಾವು ಹಸಿದು ಸಾಯುತ್ತಿದ್ದೇವೆ, ಸಾಯೋದಾದರೆ ಹೋರಾಡಿಯೇ ಸಾಯೋಣ ಅಂತ ಅವನ ರೋಮನ್ನರು ಕೂಗುತ್ತಾರೆ.

ಈಗ 1607ಕ್ಕೆ ಬನ್ನಿ. ಮಧ್ಯ ಇಂಗ್ಲೆಂಡ್‌ನ ನಾರ್ಥಾಂಪ್ಟನ್‌ಶೈರ್, ಲೆಸ್ಟರ್‌ಶೈರ್, ಶೇಕ್ಸ್‌ಪಿಯರ್‌ನ ವಾರಿಕ್‌ಶೈರ್. ಊರೆಲ್ಲ ಸೇರಿ ಉಳುತ್ತಿದ್ದ, ದನ ಮೇಯಿಸುತ್ತಿದ್ದ ಜಮೀನಿಗೆ ದೊಡ್ಡ ಜಮೀನುದಾರರು ಬೇಲಿ ಹಾಕಿ, ಕಂದಕ ತೋಡಿ, ಕುರಿ ಬಿಡುತ್ತಿದ್ದರು. ಉಣ್ಣೆಗೆ ಒಳ್ಳೆ ಕಾಸು. ಕಾಳು ಬೆಳೆಯುವ ನೆಲ ಹೋಯಿತು, ಕೂಲಿಯೂ ಹೋಯಿತು. ಆ ವರ್ಷ ಮೇ ತಿಂಗಳಲ್ಲಿ ಜನ ಗುಂಪುಗುಂಪಾಗಿ ಬಂದು ಬೇಲಿ ಕಿತ್ತರು, ಕಂದಕ ಮುಚ್ಚಿದರು. ವಾರಿಕ್‌ಶೈರ್‌ನ ಹಿಲ್‌ಮಾರ್ಟನ್ ಒಂದರಲ್ಲೇ 3,000 ಜನ ಸೇರಿದ್ದರು ಅಂತ ಆ ಕಾಲದ ವೃತ್ತಾಂತ ಹೇಳುತ್ತದೆ. ಮುಂದಾಳು ಜಾನ್ ರೆನಾಲ್ಡ್ಸ್. ಸೊಂಟಕ್ಕೆ ಒಂದು ದೊಡ್ಡ ಚೀಲ ಕಟ್ಟಿಕೊಂಡಿರುತ್ತಿದ್ದ, ನಿಮ್ಮನ್ನೆಲ್ಲ ಕಾಯುವಂಥದ್ದು ಇದರಲ್ಲಿದೆ ಅನ್ನುತ್ತಿದ್ದ, ಅದಕ್ಕೇ ಜನ ಅವನನ್ನು ಕ್ಯಾಪ್ಟನ್ ಪೌಚ್ ಅಂತ ಕರೆದರು. ಹಿಡಿದು ಚೀಲ ಬಿಚ್ಚಿದಾಗ ಒಳಗಿದ್ದದ್ದು ಒಂದು ತುಂಡು ಹಸಿ ಚೀಸ್. ಅವನನ್ನು ನೇಣಿಗೆ ಹಾಕಿದರು. ಜೂನ್ 8ರಂದು ನ್ಯೂಟನ್ ಅನ್ನೋ ಹಳ್ಳಿಯಲ್ಲಿ ಜಮೀನುದಾರರ ಪಡೆ ಜನರ ಮೇಲೆ ಬಿದ್ದು 40ಕ್ಕೂ ಹೆಚ್ಚು ಮಂದಿಯನ್ನು ಕೊಂದಿತು.

ವಾರಿಕ್‌ಶೈರ್‌ನ ಈ ಜನ ಒಂದು ಮನವಿಯನ್ನೂ ಹೊರಡಿಸಿದ್ದರು. ತಿನ್ನೋಕಿಲ್ಲದೆ ಸವೆದು ಸಾಯೋದಕ್ಕಿಂತ ಧೈರ್ಯವಾಗಿ ಸಾಯುತ್ತೇವೆ, ನಮ್ಮ ಪಾಲಿನದ್ದನ್ನು ಅವರು ಹಂದಿಗೂ ಕುರಿಗೂ ತಿನ್ನಿಸುತ್ತಿದ್ದಾರೆ ಅನ್ನೋದು ಅದರ ತಿರುಳು. ನಾಟಕ ಬರೆದದ್ದು ಸುಮಾರು 1608ರಲ್ಲಿ ಅಂತ ವಿದ್ವಾಂಸರ ಅಂದಾಜು. ಮೊದಲ ದೃಶ್ಯವನ್ನು ಈ ಮನವಿಯ ಪಕ್ಕ ಇಟ್ಟು ಓದಿ, ದನಿ ಒಂದೇ.

ಹಾಗಾದರೆ ಶೇಕ್ಸ್‌ಪಿಯರ್ ಹಸಿದವರ ಪಕ್ಷವಾ? ಇಲ್ಲೇ ಅವನ ಬದುಕು ಅಡ್ಡ ಬರುತ್ತದೆ. 1594ರಿಂದ ಸಾಲಾಗಿ ಬೆಳೆ ಕೆಟ್ಟು, ಕಾಳಿನ ಬೆಲೆ ಮುಗಿಲು ಮುಟ್ಟಿತ್ತು. ಯಾರ್‍ಯಾರು ಕೂಡಿಟ್ಟಿದ್ದಾರೆ ಅಂತ ಪಟ್ಟಿ ಮಾಡಲು ಸರ್ಕಾರ ಆದೇಶ ಕೊಟ್ಟಿತು. ಸ್ಟ್ರಾಟ್‌ಫರ್ಡ್‌ನ ಪಟ್ಟಿ 1598ರ ಫೆಬ್ರವರಿ 4ರದ್ದು. ಅದರಲ್ಲಿ ಶೇಕ್ಸ್‌ಪಿಯರ್ ಹೆಸರಿದೆ, ಅವನ ಲೆಕ್ಕಕ್ಕೆ 10 ಕ್ವಾರ್ಟರ್ ಮಾಲ್ಟ್. ಬಿಯರ್ ಮಾಡಲು ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಅದು, 2,500 ಲೀಟರಿಗೂ ಜಾಸ್ತಿ ಅಳತೆಯಷ್ಟು. ಊರಿನ ಎರಡನೇ ದೊಡ್ಡ ಮನೆ ನ್ಯೂ ಪ್ಲೇಸ್ ಅನ್ನು ಕೊಂಡು ಅವನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಅವನಿಗಿಂತ ಜಾಸ್ತಿ ಇಟ್ಟವರೂ ಪಟ್ಟಿಯಲ್ಲಿದ್ದಾರೆ, ಮಾಲ್ಟ್ ವ್ಯಾಪಾರ ಆ ಊರಿನ ಮುಖ್ಯ ಕಸುಬು, ಇದನ್ನೂ ಹೇಳಲೇಬೇಕು. ಆದರೂ ಪಟ್ಟಿಗೆ ಸ್ವಲ್ಪ ದಿನ ಮುಂಚೆ ಅದೇ ಊರಿನವನೊಬ್ಬ ಬರೆದ ಪತ್ರ ಉಳಿದಿದೆ: ಮಾಲ್ಟ್ ಕೂಡಿಟ್ಟವರನ್ನು ಅವರವರ ಮನೆ ಬಾಗಿಲಲ್ಲೇ ನೇಣಿಗೆ ಹಾಕೋದನ್ನು ನೋಡಬೇಕು ಅಂತ ಜನ ಕಾಯುತ್ತಿದ್ದಾರಂತೆ. ತುಂಬಿದ ಕಣಜದ ಬಗ್ಗೆ ನಾಟಕದ ಬಡವ ಸಿಟ್ಟಿನಿಂದ ಮಾತಾಡುವಾಗ, ಆ ಸಿಟ್ಟು ಕಣಜದ ಯಜಮಾನನಿಗೆ ಹೇಗೆ ಕೇಳಿಸುತ್ತದೆ ಅನ್ನೋದೂ ಬರೆದವನಿಗೆ ಗೊತ್ತಿತ್ತು. ಬಡವರ ವಾದವೂ, ಅವರನ್ನು ಹೀಯಾಳಿಸುವವನ ವಾದವೂ ಅಷ್ಟೇ ಜೋರಾಗಿ ಬಂದಿರೋದಕ್ಕೆ ಇದೇ ಕಾರಣ ಅಂತ ನಾನು ನಂಬುತ್ತೇನೆ.

ತಾಯಿ ಮಗನ ದೃಶ್ಯದ ಬಗ್ಗೆಯೂ ಹಲವರು ಕೇಳುತ್ತಾರೆ. ಶೇಕ್ಸ್‌ಪಿಯರ್‌ನ ತಾಯಿ ಮೇರಿ ಆರ್ಡನ್ ತೀರಿಕೊಂಡದ್ದು 1608ರ ಸೆಪ್ಟೆಂಬರ್‌ನಲ್ಲಿ, ಆ ದುಃಖದಲ್ಲೇ ಬರೆದನಾ ಅಂತ. ನಾಟಕ ಬರೆದ ತಿಂಗಳು ಖಚಿತವಿಲ್ಲದೆ ಇವೆರಡಕ್ಕೂ ಗಂಟು ಹಾಕೋದು ನನಗೆ ಒಪ್ಪಿಗೆಯಿಲ್ಲ. ಅವನು ಅಲ್ಲಿ ಮಾಡಿದ ಕೆಲಸ ಸಣ್ಣದು, ಆದರೆ ಅದ್ಭುತ. ನಾರ್ತ್‌ನಲ್ಲಿ ಮಗ ತಾಯಿಯ ಬಲಗೈ ಗಟ್ಟಿಯಾಗಿ ಹಿಡಿದು, ನೀನು ಗೆದ್ದೆ, ನಿನ್ನ ಮಗನಿಗೆ ಇದು ಸಾವು ಅನ್ನುವ ಅರ್ಥದ ಮಾತಾಡುತ್ತಾನೆ. ಶೇಕ್ಸ್‌ಪಿಯರ್ ಆ ಮಾತಿಗೆ ಮುಂಚೆ ನಟನಿಗೆ ಒಂದು ಸೂಚನೆ ಬರೆದ: ಕೈ ಹಿಡಿಯುತ್ತಾನೆ, ಸುಮ್ಮನಿರುತ್ತಾನೆ. ನಾಟಕದುದ್ದಕ್ಕೂ ಅರಚಾಡಿದವನು ಅಲ್ಲಿ ಮಾತು ಕಳೆದುಕೊಳ್ಳುತ್ತಾನೆ.

ಬೇಲಿಯ ಜಗಳ ಕೊನೆಗೆ ಅವನ ಊರಿಗೂ ಬಂತು. 1614ರಲ್ಲಿ ಸ್ಟ್ರಾಟ್‌ಫರ್ಡ್ ಪಕ್ಕದ ವೆಲ್ಕಮ್‌ನ ಹೊಲಗಳಿಗೆ ಬೇಲಿ ಹಾಕಲು ವಿಲಿಯಂ ಕೂಂಬ್ ಅನ್ನೋ ಜಮೀನುದಾರ ಹೊರಟ. ಅದೇ ವರ್ಷ ಬೆಂಕಿ ಬಿದ್ದು ಊರಲ್ಲಿ 54 ಮನೆ ಸುಟ್ಟಿದ್ದವು, ಪುರಸಭೆ ಬೇಲಿಯನ್ನು ಬಲವಾಗಿ ವಿರೋಧಿಸಿತು. ಅಲ್ಲಿನ ಫಸಲಿನ ದಶಮಾಂಶದಲ್ಲಿ, ಅಂದರೆ ಬೆಳೆದವರು ತೆರಿಗೆಯಾಗಿ ಕೊಡಬೇಕಿದ್ದ ಹತ್ತನೇ ಒಂದು ಪಾಲಿನಲ್ಲಿ, ಶೇಕ್ಸ್‌ಪಿಯರ್‌ಗೆ ಪಾಲಿತ್ತು, 1605ರಲ್ಲಿ 440 ಪೌಂಡ್ ಕೊಟ್ಟು ಕೊಂಡಿದ್ದ. ತನ್ನ ಆದಾಯಕ್ಕೆ ನಷ್ಟವಾದರೆ ತುಂಬಿಕೊಡಬೇಕು ಅಂತ ಅಕ್ಟೋಬರ್ 28ರಂದು ಅವನು ಒಪ್ಪಂದ ಮಾಡಿಕೊಂಡ. ಊರಿನ ಪರವಾಗಿ ದನಿ ಎತ್ತಿದ ದಾಖಲೆ ಇಲ್ಲ. ಏನೂ ಆಗಲಿಕ್ಕಿಲ್ಲ ಅಂತ ಅವನೂ ಅವನ ಅಳಿಯ ಹಾಲ್‌ನೂ ಹೇಳಿದರು ಅಂತ ಪುರಸಭೆಯ ಗುಮಾಸ್ತ ಥಾಮಸ್ ಗ್ರೀನ್ ಟಿಪ್ಪಣಿ ಬರೆದಿಟ್ಟಿದ್ದಾನೆ. ಆದರೆ ಚಳಿಗಾಲದಲ್ಲಿ ಕೂಂಬ್‌ನ ಆಳುಗಳು ಕಂದಕ ತೋಡಿಯೇ ಬಿಟ್ಟರು. ಊರಿನ ಹೆಂಗಸರು ಮಕ್ಕಳು ಬಂದು ಅದನ್ನು ಮುಚ್ಚಿದರು. 1615ರಲ್ಲಿ ವಾರಿಕ್‌ನಲ್ಲಿ ಮುಖ್ಯ ನ್ಯಾಯಾಧೀಶ ಎಡ್ವರ್ಡ್ ಕೋಕ್ ಆ ಬೇಲಿಗೆ ತಡೆ ಕೊಟ್ಟ.